ಬಿಡದೆ ಉಳಿದ ಶುಕ್ರವಾರ

ಹಾನಗಲ್ಲಿನ ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಈ ಸಲದ ಆಷಾಢ ಮುಗಿಯುವ ಹೊತ್ತಿಗೆ ಶಿಕ್ಷಕರ ತರಬೇತಿಗೆಂದು ಹೋಗಿದ್ದೆ. ಶುಕ್ರವಾರ ಬೆಳಗಿನ ಚಹಾದ ಹೊತ್ತಿಗೇ ತರಬೇತಿ ಮುಗಿಯಿತು. ಹಿರೇಕೆರೂರಿನ ಬಸ್ ಹಿಡಿಯಲು ಬರುತ್ತಿದ್ದಾಗ ಆ ಗಿರಣಿಯ ಬಾಗಿಲಿಂದ ಬಿಸಿ ಜೋಳದ ಹಿಟ್ಟಿನ ವಾಸನೆ ಬಂತು. ಮಳೆ ಜಿನುಗುತ್ತಿತ್ತು. ಒದ್ದೆ ಗಾಳಿಯಲ್ಲಿ ಆ ವಾಸನೆ ಎಲ್ಲಿಗೂ ಹೋಗದೆ ಮೈಗೆ ಅಂಟಿಕೊಂಡು ನಿಲ್ಲುತ್ತದೆ. ನಾನೂ ನಿಂತುಬಿಟ್ಟೆ.

"ಯಾಕ್ರೀ ಮೇಡಂ, ಆರಾಮ ಅದೀರಿಲ್ಲೋ?" ಎಂದರು ಜೊತೆಗಿದ್ದ ಟೀಚರು.

"ಮನೀಗೆ ಹಿಟ್ಟು ಒಯ್ಯಬೇಕಿತ್ತರೀ, ನೆನಪಾತು" ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ. ಗಿರಣಿಯ ಹಿಟ್ಟು ತರುವುದನ್ನು ನಾನು ಬಿಟ್ಟು ಎಷ್ಟೋ ವರ್ಷವಾಯಿತು. ಪಾಕೀಟಿನ ಹಿಟ್ಟು ತರುತ್ತೇನೆ. ರೊಟ್ಟಿ ಹರಿಯುತ್ತದೆ, ಮನೆಯವರು ಗೊಣಗುತ್ತಾರೆ, ಗೊಣಗಲಿ ಎಂದು ಬಿಟ್ಟಿದ್ದೇನೆ. ಅವತ್ತು ಏನಾಯಿತೋ, ಹಿರೇಕೆರೂರಿನ ಬಸ್ಸು ಎದುರಿಗೇ ನಿಂತಿದ್ದರೂ ಹತ್ತಲಿಲ್ಲ. ಶಿಗ್ಗಾವಿಯ ಬಸ್ ಹತ್ತಿದೆ. ರಾತ್ರಿ ಅಲ್ಲಿ ಅಕ್ಕನ ಮನೆಯಲ್ಲಿ ಇದ್ದರಾಯಿತು ಎಂದುಕೊಂಡೆ. ಆದರೆ ಹೊರಟದ್ದು ಅಕ್ಕನ ಮನೆಗಲ್ಲ ಎಂಬುದು ಟಿಕೆಟ್ ತೆಗೆಸುವಾಗಲೇ ನನಗೆ ಗೊತ್ತಿತ್ತು.

ದುಂಡಸಿಯಿಂದ ಒಳಗೆ ಹೋದರೆ ಸಿಗುವ ಊರು ಅದು. ಹೆಸರು ಹೇಳುವುದಿಲ್ಲ. ಅಲ್ಲಿ ಜನ ಇನ್ನೂ ಇದ್ದಾರೆ, ನನ್ನನ್ನು ಇನ್ನೂ ಅಕ್ಕೋರ ಎಂದು ಕರೆಯುವವರಿದ್ದಾರೆ. ನನ್ನ ಮೊದಲ ಪೋಸ್ಟಿಂಗು ಆ ಊರಿನ ಪ್ರೈಮರಿ ಶಾಲೆಗೆ. ಮೊಬೈಲು ಎಲ್ಲರ ಕಿಸೆಗೂ ಬಂದಿತ್ತು, ಆದರೆ ಮಾತಾಡಬೇಕೆಂದರೆ ಹನುಮಪ್ಪನ ಗುಡಿಯ ಕಟ್ಟೆ ಹತ್ತಬೇಕಾಗಿತ್ತು. ಜೂನಿನಲ್ಲಿ ಹಾಜರಾದಾಗ ಇರಲು ಮನೆ ಸಿಗದೆ, ಕೊನೆಗೆ ಗಿರಣಿಯ ಇಮಾಮಸಾಬರು ಗಿರಣಿಯ ಹಿಂದಿನ ಕೋಣೆ ಕೊಟ್ಟರು. ಅವರದು ಆ ಊರಿನಲ್ಲಿ ಒಂದೇ ಸಾಬರ ಮನೆ. ಹೆಂಡತಿಯ ತವರು ಸವಣೂರು. ಆಕೆ ಅಲ್ಲಿಗೆ ಹೋಗಿ ಬಂದಾಗಲೆಲ್ಲ ಒದ್ದೆ ಅರಿವೆಯಲ್ಲಿ ಸುತ್ತಿದ ವೀಳ್ಯದೆಲೆ, ಪುಡಿಕೆಯಲ್ಲಿ ಕರಿದ ಖಾರಾ ತರುತ್ತಿದ್ದರು. ಒಂದು ಪಾಲು ನನಗೆ ಬರುತ್ತಿತ್ತು.

ಗಿರಣಿ ಶುರುವಾದರೆ ನನ್ನ ಕೋಣೆಯ ಗೋಡೆಯೇ ನಡುಗುತ್ತಿತ್ತು. ಸಂಜೆ ನನ್ನ ಹತ್ತಿರ ಗಣಿತ ಹೇಳಿಸಿಕೊಳ್ಳಲು ರೇಣವ್ವ ಎಂಬ ಹುಡುಗಿ ಬರುತ್ತಿದ್ದಳು. ದುಂಡಸಿಯ ಹೈಸ್ಕೂಲಿನಲ್ಲಿ ಒಂಬತ್ತನೇ ಇಯತ್ತೆ. ಕೂಲಿ ಮಾಡುವ ಫಕ್ಕೀರವ್ವನ ಒಬ್ಬಳೇ ಮಗಳು, ತಂದೆ ಇರಲಿಲ್ಲ. ಗಿರಣಿಯ ಸದ್ದಿನಲ್ಲಿ ಕೇಳಿಸಲೆಂದು ನಾನು ಕಿರುಚಿ ಲೆಕ್ಕ ಹೇಳುತ್ತಿದ್ದೆ, ಅವಳು ಕಿರುಚಿ ಉತ್ತರ ಹೇಳುತ್ತಿದ್ದಳು. ಆಮೇಲೆ ಗಿರಣಿ ಫಕ್ಕನೆ ನಿಂತಾಗ, ಸುಮ್ಮನಾದ ಓಣಿಯಲ್ಲಿ ನಮ್ಮಿಬ್ಬರ ಕೂಗು ಮಾತ್ರ ಉಳಿಯುತ್ತಿತ್ತು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ನನಗೂ ಅಷ್ಟೆ. "ಅಕ್ಕೋರ, ಪರೀಕ್ಷಾದಾಗ ಗಿರಣಿ ಇರಂಗಿಲ್ಲಲ್ರೀ, ನನಗ ಲೆಕ್ಕ ಬರತೈತೋ ಇಲ್ಲೋ" ಎಂದು ಒಮ್ಮೆ ಕೇಳಿದ್ದಳು.

ಇಮಾಮಸಾಬರ ಗಿರಣಿಯಲ್ಲಿ ಒಂದು ನೇಮವಿತ್ತು. ಮೊದಲು ಇಟ್ಟ ಬುಟ್ಟಿ ಮೊದಲು. ಜನ ಬುಟ್ಟಿ, ಡಬ್ಬಿ, ಚೀಲಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗಿಬಿಡುತ್ತಿದ್ದರು. ಸಾಬರು ಸಾಲು ತಪ್ಪಿಸದೆ ಬೀಸಿ ಇಡುತ್ತಿದ್ದರು. ನೆಂಟರು ಬಂದಿದ್ದಾರೆ, ಮಗು ಅಳುತ್ತಿದೆ ಎಂದು ಯಾರಾದರೂ ಗೋಗರೆದರೆ, "ಬುಟ್ಟಿ ಯಾರದೈತಿ, ಅವ್ರನ್ನ ಕೇಳ್ಕೊಂಡ ಬಾರವ್ವ, ನಂದೇನೈತಿ" ಎನ್ನುತ್ತಿದ್ದರು.

ಈಗ ಊರ ಗೌಡರ ವಿಷಯ. ರುದ್ರಗೌಡರೆಂದರೆ ಮೀಸೆ ತಿರುವಿ ಗದರುವ ಮನುಷ್ಯ ಎಂದುಕೊಳ್ಳಬೇಡಿ. ಮೆಲುದನಿಯವರು. ನನ್ನ ಶಾಲೆಯ ಸೋರುವ ಕೋಣೆಗೆ ತಮ್ಮ ಖರ್ಚಿನಲ್ಲಿ ತಗಡು ಹಾಕಿಸಿಕೊಟ್ಟವರು ಅವರೇ. ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ಗೌಡಕಿ ಕಾಯದೆಯಲ್ಲಿ ಎಂದೋ ಹೋಗಿತ್ತು, ಪಂಚಾಯತಿಗೆ ಅವರು ನಿಂತವರೂ ಅಲ್ಲ. ಆದರೂ ಆ ಊರಿನಲ್ಲಿ ಅವರನ್ನು ಕೇಳದೆ ಯಾರೂ ಏನೂ ಮಾಡುತ್ತಿರಲಿಲ್ಲ. ಹೆಣ್ಣು ಕೊಡುವುದು ತರುವುದು ಇರಲಿ, ಬೋರು ಕೊರೆಸುವುದು ಇರಲಿ, ಶಾಲೆಯ ಗೋಡೆಗೆ ಯಾವ ಬಣ್ಣ ಹಚ್ಚಬೇಕೆಂಬುದನ್ನೂ ಅವರನ್ನೇ ಕೇಳಬೇಕು. ನಾನು ಕೇಳದೆ ಹಳದಿ ಹಚ್ಚಿಸಿದಾಗ ನಮ್ಮ ಹೆಡ್‌ಮಾಸ್ತರರಿಗೆ ವಾರಗಟ್ಟಲೆ ಊಟ ಸೇರಲಿಲ್ಲ. ಗೌಡರು ಯಾರಿಗೂ ಬೇಡ ಎಂದದ್ದನ್ನು ನಾನು ಕೇಳಿಲ್ಲ. "ನೋಡೂಣು" ಎನ್ನುತ್ತಿದ್ದರು. ಅಷ್ಟಕ್ಕೇ ಜನ ಕಾಯುತ್ತ ಕೂಡುತ್ತಿದ್ದರು.

ಆ ಊರಿನಲ್ಲಿ ಕಾರಹುಣ್ಣಿಮೆ ಆದಮೇಲೆ ಐದು ಮಂಗಳವಾರ ಊರದೇವತೆ ದ್ಯಾಮವ್ವನ ಹೆಸರಿನಲ್ಲಿ ವಾರ ಹಿಡಿಯುತ್ತಾರೆ. ಆ ದಿನ ಎತ್ತು ಹೂಡುವಂತಿಲ್ಲ, ರೊಟ್ಟಿ ಬಡಿಯುವಂತಿಲ್ಲ, ಬೀಸುವಂತಿಲ್ಲ. ಊರ ಹೆಬ್ಬಾಗಿಲಿಗೆ ಅಗಸಿ ಎನ್ನುತ್ತಾರೆ. ಅಗಸಿಯ ಒಳಗೆ ಗಾಲಿ ಉರುಳುವಂತಿಲ್ಲ, ಸೈಕಲ್ಲಿನದೂ ಸಹ. ವಾರ ಹಿಡಿಯಬೇಕೆಂದರೆ ಹಿರಿಯರೆಲ್ಲ ಗುಡಿಯಲ್ಲಿ ಕೂಡಿ ಮಾತಾಡಿಕೊಂಡು ಡಂಗುರ ಹೊಡೆಸಬೇಕು. ವಾರ ಬಿಡುವುದಕ್ಕೆ ಬೇರೆಯೇ ಒಂದು ಪದ್ಧತಿ. ಕೊನೆಯ ಮಂಗಳವಾರ ಸಂಜೆ ಪ್ರತಿ ಮನೆಯಿಂದ ಒಂದೊಂದು ಹಿಡಿ ಹಿಟ್ಟು ಎತ್ತಿ, ಎಲ್ಲವನ್ನೂ ಪರಾತವೆಂಬ ಒಂದೇ ಅಗಲ ತಟ್ಟೆಯಲ್ಲಿ ಕಲಸಿ, ಕಡಬು ಮಾಡಿ ದೇವಿಗೆ ಎಡೆ ಕೊಡಬೇಕು. ಒಂದು ಮನೆಯ ಹಿಡಿ ತಪ್ಪಿದರೂ ಎಡೆ ಮುಟ್ಟುವುದಿಲ್ಲ, ವಾರ ಬಿಡುವುದಿಲ್ಲ. ಗೌಡರ ವಾಡೆಯದೂ ಒಂದೇ ಹಿಡಿ, ಫಕ್ಕೀರವ್ವನ ತಗಡಿನ ಮನೆಯದೂ ಒಂದೇ ಹಿಡಿ. ನನ್ನ ಕೋಣೆಗೂ ಬಂದು ಕೇಳುತ್ತಾರೆಂದು ರೇಣವ್ವ ಹೇಳಿದಾಗ ನನಗೆ ಖುಷಿಯಾಗಿತ್ತು. ಬರೀ ಮಜಾ ಎಂದು ತಿಳಿದಿದ್ದೆ.

ಎರಡನೆಯ ವಾರದ ಹಿಂದಿನ ಸಂಜೆ ಗಿರಣಿಯ ಮುಂದೆ ಉದ್ದ ಸಾಲಿತ್ತು. ಮರುದಿನ ಬೀಸುವಂತಿಲ್ಲವಲ್ಲ. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಗೌಡರ ಮನೆಯ ಆಳು ಒಂದು ಚೀಲ ಜೋಳ ತಂದು ಸಾಲಿನ ಮುಂದೆ ಇಳಿಸಿದ. ಸಾಬರು ಅದನ್ನು ಎತ್ತಿ ಸಾಲಿನ ಕೊನೆಗೆ ಇಟ್ಟರು. ಆಗ ಬೀಸುವ ಸರದಿ ಫಕ್ಕೀರವ್ವನ ಬುಟ್ಟಿಯದಾಗಿತ್ತು.

"ಗೌಡ್ರ ಚೀಲ್ರೀ ಅದು" ಎಂದ ಆಳು.

"ಗೊತ್ತೈತಪಾ. ಜ್ವಾಳಕ್ಕೇನ ಗೊತ್ತಿರತೈತಿ?" ಎಂದು ಸಾಬರು ನಕ್ಕು ಫಕ್ಕೀರವ್ವನ ಬುಟ್ಟಿ ಸುರಿದರು. ಸುತ್ತ ಇದ್ದವರು ನಕ್ಕರು. ಅದು ಅರಿಯದೆ ಬಂದ ನಗು. ನಕ್ಕವರೆಲ್ಲ ಮರುಕ್ಷಣ ಬಾಯಿ ಮುಚ್ಚಿಕೊಂಡು ಆಳಿನ ಮುಖ ನೋಡಿದರು. ಗೌಡರ ಚೀಲದ ಸರದಿ ಬರುವಷ್ಟರಲ್ಲಿ ಕರೆಂಟು ಹೋಯಿತು, ಮತ್ತೆ ಬರಲಿಲ್ಲ.

ಬುಧವಾರ ಬೆಳಿಗ್ಗೆ ಊರ ವಾಲೀಕಾರ ಡಂಗುರ ಹೊಡೆಯುತ್ತ ಬಂದ. ಈ ವರ್ಷ ಮಳೆ ಸಾಲದು, ದೇವಿಗೆ ಸಮಾಧಾನವಿಲ್ಲ, ಇನ್ನು ಮುಂದೆ ಶುಕ್ರವಾರವೂ ವಾರ ಎಂದು ಸಾರಿದ. ಹೊರಗೆ ಮಳೆ ಹೊಡೆಯುತ್ತಿತ್ತು. ಡಂಗುರದ ಚರ್ಮ ತೊಯ್ದು ಸದ್ದು ಡಬ್ ಡಬ್ ಎಂದು ಮಂಕಾಗಿತ್ತು. ಮಳೆಯಲ್ಲಿ ನಿಂತು ಮಳೆ ಇಲ್ಲ ಎಂದು ಸಾರುವುದನ್ನು ಊರೆಲ್ಲ ಬಾಗಿಲಲ್ಲಿ ನಿಂತು ಕೇಳಿತು. ನನಗೆ ನಗು ಬಂತು, ಸಿಟ್ಟೂ ಬಂತು.

ಹಿರಿಯರು ಕೂಡಿಲ್ಲ, ಗುಡಿಯಲ್ಲಿ ಮಾತಾಗಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಹನುಮಪ್ಪನ ಕಟ್ಟೆಯ ಮೇಲೆ ಒಬ್ಬ ಮುದುಕರು, "ಶುಕ್ರವಾರ ಎಲ್ಲೀದು? ನಮ್ಮ ಅಪ್ಪನ ಕಾಲಕ್ಕೂ..." ಎಂದು ಶುರುಮಾಡಿದ್ದರು. ಅಷ್ಟರಲ್ಲಿ ಗೌಡರ ಛತ್ರಿ ಓಣಿಯ ತಿರುವಿನಲ್ಲಿ ಕಂಡಿತು. ಮುದುಕರು ಎಲೆಗೆ ಸುಣ್ಣ ಹಚ್ಚತೊಡಗಿದರು. ಗೌಡರು ನನ್ನನ್ನು ನೋಡಿ, "ಸಾಲಿ ಕ್ವಾಣಿ ಸೋರೂದು ನಿಂತತಿಲ್ಲರೀ ಅಕ್ಕೋರ?" ಎಂದು ವಿಚಾರಿಸಿ ಮುಂದೆ ಹೋದರು.

ಇಮಾಮಸಾಬರು ಮಾತ್ರ ಹಗುರವಾಗಿದ್ದರು. "ಶುಕ್ರವಾರ ನನಗೂ ನಮಾಜ್ ಐತಲ್ರೀ ಅಕ್ಕೋರ. ಸೂಟಿ ಕೊಟ್ರು, ಚೊಲೋ ಆತು" ಎಂದರು. ಅವರ ಹೆಂಡತಿ ನಗಲಿಲ್ಲ. "ಇವತ್ತ ಶುಕ್ರವಾರ ಅಂತಾರ, ನಾಳೆ ಸೋಮವಾರ ಅಂತಾರ. ನೀವು ಹಲ್ಲ ಕಿಸೀರಿ" ಎಂದು ಒಳಗೆ ಹೋದರು.

ಹೀಗೆ ಶುಕ್ರವಾರಗಳು ಬಂದವು. ಮಂಗಳವಾರದ ಸುಮ್ಮನಿರುವಿಕೆ ಬೇರೆ ಇತ್ತು. ಅದರಲ್ಲಿ ಹಬ್ಬದ ಕಳೆ ಇತ್ತು. ಹೆಂಗಸರು ಕಟ್ಟೆಯ ಮೇಲೆ ಕೂತು ಹೇನು ನೋಡುತ್ತಿದ್ದರು, ಚೌಕಾಬಾರ ಆಡುತ್ತಿದ್ದರು. ಶುಕ್ರವಾರ ಹಾಗಲ್ಲ. ಹೊಲದಲ್ಲಿ ಹದ ಬಂದು ಕೂತಿತ್ತು, ಎತ್ತು ಗೋದಲಿಯಲ್ಲಿ ನಿಂತಿದ್ದವು, ಜನ ಬಾಗಿಲಲ್ಲಿ ಕೂತು ಮೋಡ ನೋಡುತ್ತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ, ಮಕ್ಕಳು ಶಾಲೆಗೂ ಹೋಗುತ್ತಿರಲಿಲ್ಲ. ಆ ದಿನಗಳಲ್ಲಿ ರೇಣವ್ವ ಬಂದರೆ ಗಿರಣಿಯ ಸದ್ದಿಲ್ಲದೆ ಇಬ್ಬರೂ ಪಿಸುಗುಟ್ಟುತ್ತ ಲೆಕ್ಕ ಮಾಡುತ್ತಿದ್ದೆವು.

ಅಂಥ ಒಂದು ಶುಕ್ರವಾರ ಮಧ್ಯಾಹ್ನ ಮಳೆ ಬಿಟ್ಟಿತ್ತು. ರೇಣವ್ವ ಮನೆಯ ಹಿಂದಿನ ಕುಳ್ಳಿನ ಬಣವೆಯಿಂದ ಒಲೆಗೆಂದು ಸಗಣಿಯ ಕುಳ್ಳು ಎಳೆಯಲು ಹೋಗಿದ್ದಳು. ಅಲ್ಲಿ ಅವಳಿಗೆ ಹಾವು ಕಚ್ಚಿತು. ಅಲ್ಲಿನವರು ಹಾವು ಎನ್ನುವುದಿಲ್ಲ, ಹುಳ ಮುಟ್ಟಿತು ಎನ್ನುತ್ತಾರೆ. "ಹುಳ ಮುಟ್ಟೇತ್ರೀ, ನನ್ನ ಮಗಳಿಗೆ ಹುಳ ಮುಟ್ಟೇತಿ" ಎಂದು ಫಕ್ಕೀರವ್ವ ಅವಳನ್ನು ತೋಳಲ್ಲಿ ಹಿಡಿದು ಗಿರಣಿಯ ಮುಂದೆ ಬಂದಾಗ ನಾನು ಅನ್ನಕ್ಕೆ ಇಟ್ಟಿದ್ದೆ. ಹಿಮ್ಮಡಿಯ ಮೇಲೆ ಎರಡು ಚುಕ್ಕೆ. ಹುಡುಗಿಗೆ ಪೂರ್ತಿ ಎಚ್ಚರವಿತ್ತು.

ಇಮಾಮಸಾಬರಿಗೆ ಒಂದು ಹಳೆಯ ಟಂಟಂ ಇತ್ತು, ಮೂರು ಗಾಲಿಯದು. ಅಲ್ಲೇ ಗಿರಣಿಯ ಮಗ್ಗುಲಲ್ಲಿ ನಿಂತಿತ್ತು. ಯಾರೋ ಹನುಮಪ್ಪನ ಕಟ್ಟೆ ಹತ್ತಿ ಅಂಬುಲೆನ್ಸಿಗೆ ಫೋನು ಮಾಡಿದರು. ಗಾಡಿ ಬೇರೆ ಕಡೆ ಹೋಗಿದೆ, ತಡವಾಗುತ್ತದೆ ಎಂದರಂತೆ. ಸಾಬರು ಚಾವಿ ತಂದು ಟಂಟಂ ಹತ್ತಿ ಕೂತರು. ನಾನು ರೇಣವ್ವನನ್ನು ಹಿಂದಿನ ಸೀಟಿಗೆ ಕೂರಿಸಿ ಮಗ್ಗುಲಲ್ಲಿ ಕೂತೆ. ಅಷ್ಟರಲ್ಲಿ ಜನ ಕೂಡಿದ್ದರು.

"ಇವತ್ತ ವಾರ ಐತಿ" ಎಂದಿತು ಒಂದು ದನಿ.

"ಗೌಡ್ರನ್ನ ಒಂದ್ ಮಾತ ಕೇಳ್ರಿ" ಎಂದಿತು ಇನ್ನೊಂದು.

ಯಾರೂ ಅಡ್ಡ ಬಂದು ಹೊಡೆಯಲಿಲ್ಲ, ಬಡಿಯಲಿಲ್ಲ. ಸುಮ್ಮನೆ ಟಂಟಂದ ಮುಂದೆ ನಿಂತರು. ಅವರ ಮುಖದಲ್ಲಿ ಕೇಡು ಇರಲಿಲ್ಲ, ಅದನ್ನು ಇವತ್ತೂ ಹೇಳುತ್ತೇನೆ. ಅವರಿಗೆ ಹೆದರಿಕೆಯಾಗಿತ್ತು. ಹುಡುಗಿ ಸಾಯುತ್ತಾಳೆಂದು ಹೆದರಿಕೆ, ಕೇಳದೆ ಬಿಟ್ಟರೆ ನಾಳೆ ಗೌಡರು ಏನೆನ್ನುತ್ತಾರೋ ಎಂದೂ ಹೆದರಿಕೆ. ಸಾಬರು ಚಾವಿ ತಿರುವಿದವರು ಹಾಗೇ ಕುಳಿತು ಫಕ್ಕೀರವ್ವನ ಕಡೆ ನೋಡಿದರು. ಆಕೆ ಎರಡೂ ಕೈ ಜೋಡಿಸಿ ಜನರಿಗೆ ಮುಗಿಯುತ್ತಿದ್ದಳು.

"ಕೇಳಿ ಬರ್ರಿ ಯಪ್ಪಾ, ಲಗೂನ ಕೇಳಿ ಬರ್ರಿ. ಕೇಳೇ ಹೋಗೂಣು" ಎಂದಳು.

ನನ್ನ ಬಾಯಿ ಮೊದಲೇ ಜೋರು, ಅವತ್ತು ಇನ್ನೂ ಜೋರಾಯಿತು. "ಏನ ಕೇಳೂದೈತಿ? ತಲಿ ಕೆಟ್ಟೈತೇನ ನಿಮಗ? ಸರೀರಿ!" ಎಂದು ಕೂಗಿದೆ. "ನೀವು ಹೊರಗಿನವ್ರರೀ ಅಕ್ಕೋರ, ನಿಮಗ ಗೊತ್ತಾಗಂಗಿಲ್ಲ" ಎಂದರು. ಇಳಿದು ಗೌಡರ ವಾಡೆಗೆ ನಾನೇ ಓಡಿದೆ. ಅಷ್ಟರಲ್ಲೇ ಕೇಳಲು ಹೋಗಿದ್ದ ಮೂವರು ಗಂಡಸರು ಅಂಗಳದಲ್ಲಿ ಚಪ್ಪಲಿ ಬಿಟ್ಟು ಕೈ ಕಟ್ಟಿ ನಿಂತಿದ್ದರು. ಗೌಡರು ಉಂಡು ಮಲಗಿದ್ದರು. ಆಳು ಪಡಸಾಲೆಯ ಕಂಬಕ್ಕೆ ಆತು ನಿಂತು, "ಈಗರ ಕಣ್ಣ ಹತ್ತೇತಿ. ಏಳತಾರ ತಡೀರಿ" ಎನ್ನುತ್ತಿದ್ದ. ಎಬ್ಬಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಅಂಗಳದಲ್ಲಿ ನಿಂತು ಗೌಡರನ್ನು ಹೆಸರು ಹಿಡಿದು ಕರೆದೆ. ಗಿರಣಿಯ ಸದ್ದಿನಲ್ಲಿ ಕಿರುಚಿ ರೂಢಿಯಾದ ಗಂಟಲು ಅದು.

ಗೌಡರು ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದರು. ಗಂಡಸರಲ್ಲಿ ಒಬ್ಬ ತಡವರಿಸುತ್ತ ವಿಷಯ ಹೇಳಿದ. ಗೌಡರ ಮುಖದಲ್ಲಿ ನಿಜವಾದ ಆಶ್ಚರ್ಯ ಮೂಡಿತು.

"ಹೋಗ್ರೆಲೇ. ನಾ ಯಾವಾಗ ಬ್ಯಾಡ ಅಂದೇನಿ?" ಎಂದರು.

ನಾನು ವಾಪಸು ಓಡಿ ಬರುವಾಗ ರೇಣವ್ವನ ಕಣ್ಣುರೆಪ್ಪೆ ಜೋತು ಬೀಳುತ್ತಿದ್ದವು. ನನ್ನ ಕೈ ಹಿಡಿದು ಕೇಳಿದಳು. ಸಿಟ್ಟಿನಿಂದಲ್ಲ, ಬಿಡಿಸಲು ಬಾರದ ಲೆಕ್ಕವೊಂದನ್ನು ಕೇಳುವ ಹಾಗೆ ಕೇಳಿದಳು. "ಅಕ್ಕೋರ, ಗಾಡಿ ಯಾಕ ನಿಂತೈತ್ರಿ?"

ಸಾಬರು ಆ ಕೆಸರಿನ ದಾರಿಯಲ್ಲಿ ಟಂಟಂ ಹಾರಿಸಿಕೊಂಡು ಹೋದರು. ದುಂಡಸಿ ದಾಟಿ ಶಿಗ್ಗಾವಿಯ ದಾರಿಯಲ್ಲಿದ್ದಾಗ ಅವಳ ಉಸಿರು ನಿಂತಿತು. ಆಸ್ಪತ್ರೆಯಲ್ಲಿ ಡಾಕ್ಟರು, ಇಷ್ಟು ತಡ ಯಾಕೆ ಮಾಡಿದಿರಿ ಎಂದು ಬೈದರು. ಫಕ್ಕೀರವ್ವ ಗೋಡೆಗೆ ಆತು ಕುಳಿತು, "ಕೇಳಾಕ ಹೋಗಿದ್ರರೀ" ಎಂದಳು. ಯಾರನ್ನು ಏನು ಕೇಳಲು ಎಂದು ಡಾಕ್ಟರಿಗೆ ತಿಳಿಯಲಿಲ್ಲ.

ವಾರ ಬಿಡುವ ಮಂಗಳವಾರ ಬಂತು. ಸಂಜೆ ನಾಲ್ಕು ಮಂದಿ ಹೆಂಗಸರು ಪರಾತ ಹಿಡಿದು ಮನೆಮನೆ ತಿರುಗಿದರು. ನಾನು ಕೊಟ್ಟೆ, ಸಾಬರ ಹೆಂಡತಿಯೂ ಕೊಟ್ಟರು. ಫಕ್ಕೀರವ್ವ ಹೊಸ್ತಿಲ ಮೇಲೆ ಕೂತಿದ್ದಳು. ಅವಳ ಬಲಗೈ ಮುಷ್ಟಿ ಕಟ್ಟಿತ್ತು, ಬೆರಳ ಸಂದಿಯಲ್ಲಿ ಹಿಟ್ಟು ಕಾಣುತ್ತಿತ್ತು. ಪರಾತ ಚಾಚಿದರೆ ಮುಷ್ಟಿ ಬಿಚ್ಚಲಿಲ್ಲ.

ಅವಳ ಹಿಡಿ ಬಿಟ್ಟೇ ಕಡಬು ಮಾಡಿರಿ ಎಂದು ಗೌಡರು ಹೇಳಿಕಳಿಸಿದರು. ಆಗ ನಡೆದದ್ದನ್ನು ನಾನು ಕಣ್ಣಾರೆ ನೋಡಿದೆ. ಗುಡಿಯ ಮುಂದೆ ಕೂತ ಹಿರಿಯರು ತಲೆ ತಗ್ಗಿಸಿಕೊಂಡೇ, "ಅದು ಬರಂಗಿಲ್ಲರೀ" ಎಂದರು. ಸುಣ್ಣ ಹಚ್ಚುತ್ತ ಸುಮ್ಮನಾಗಿದ್ದ ಆ ಮುದುಕರೇ ಮೊದಲು ಅಂದದ್ದು. ಗೌಡರಿಗಿಂತ ದ್ಯಾಮವ್ವನ ಹೆದರಿಕೆ ಅವರಿಗೆ ಹೆಚ್ಚಿನದು. ಡಂಗುರ ಹೊಡೆಸಿ ವಾರ ಹಾಕಲು ಗೌಡರಿಗೆ ಬಂದಿತ್ತು, ಅದನ್ನು ತೆಗೆಯಲು ಬರಲಿಲ್ಲ.

ಗೌಡರೇ ನಡೆದು ಬಂದರು. ಫಕ್ಕೀರವ್ವನ ತಗಡಿನ ಮನೆಯ ಮುಂದೆ ಅವರು ಹಿಂದೆಂದೂ ನಿಂತವರಲ್ಲ. ಹಿಂದೆ ಊರೇ ನಿಂತಿತ್ತು.

"ಆಗೂದು ಆಗಿ ಹೋತು ಫಕ್ಕೀರವ್ವ. ಊರಿಗೆ ಕೇಡ ಬಗೀಬ್ಯಾಡ" ಎಂದರು, ಅದೇ ಮೆಲುದನಿಯಲ್ಲಿ.

"ಮಂಗಳವಾರ ದ್ಯಾಮವ್ವಂದ್ರೀ" ಎಂದಳು ಆಕೆ. "ಶುಕ್ರವಾರ ಆಕೀದಲ್ಲ, ನಿಮ್ದು. ಗುಡಿ ಮುಂದ ನಿಂತು ಅಷ್ಟ ಅನ್ರಿ. ಶುಕ್ರವಾರ ನಂದು ಅಂತ ಅನ್ರಿ. ಹಿಟ್ಟು ಕೊಡ್ತೇನಿ."

ಬಾಯಿ ತೆರೆದರೆ ಮುಗಿಯುವ ಮಾತು. ನನಗೆ ಆಗ ಅನ್ನಿಸಿತು, ಈ ಮನುಷ್ಯ ಅಂದೇ ಬಿಡುತ್ತಾನೆ ಎಂದು. ಅವರು ಸುತ್ತ ನಿಂತವರನ್ನು ಒಮ್ಮೆ ನೋಡಿದರು. ಆಮೇಲೆ ಛತ್ರಿ ಬಿಚ್ಚಿಕೊಂಡು ಹೊರಟುಹೋದರು. ಪರಾತದ ಹಿಟ್ಟನ್ನು ಮರುದಿನ ಹೊಳೆಗೆ ಬಿಟ್ಟರು. ವಾರ ಬಿಡಲಿಲ್ಲ.

ದೀಪಾವಳಿಯ ಹೊತ್ತಿಗೆ ಇಮಾಮಸಾಬರು ಗಿರಣಿಯ ಕಲ್ಲು ಬಿಚ್ಚಿ ಸವಣೂರಿಗೆ ಸಾಗಿಸಿದರು. ಯಾರೂ ಹೋಗು ಅನ್ನಲಿಲ್ಲ, ಇರು ಎಂದವರೂ ಇಲ್ಲ. "ಚಾವಿ ನನ್ನ ಕೈಯಾಗಿತ್ತಲ್ರೀ ಅಕ್ಕೋರ" ಎಂದು ಹೋಗುವಾಗ ಒಂದೇ ಮಾತು ಅಂದರು. ಮರುವರ್ಷ ನನಗೆ ಹಿರೇಕೆರೂರಿನ ಕಡೆ ವರ್ಗವಾಯಿತು. ಆ ಟಂಟಂ ಇನ್ನೂ ನನ್ನ ಕನಸಿನಲ್ಲಿ ಬರುತ್ತದೆ, ಮೂರೂ ಗಾಲಿ ನೆಲಕ್ಕೆ ಕಚ್ಚಿಕೊಂಡು ನಿಂತಿರುತ್ತದೆ. ಕ್ಲಾಸಿನಲ್ಲಿ ಯಾವುದಾದರೂ ಹುಡುಗಿ ಎದ್ದು ನಿಂತು "ಯಾಕ್ರೀ?" ಎಂದರೆ ಒಂದು ಗಳಿಗೆ ನನಗೆ ಉತ್ತರ ಮರೆತುಹೋಗುತ್ತದೆ.

ಈ ಸಲ ದುಂಡಸಿಯಲ್ಲಿ ಇಳಿದು ಹತ್ತಿದ ಊರ ಬಸ್ಸು ಅಗಸಿಯ ಹೊರಗೇ ನಿಂತಿತು. ಮೊದಲು ಊರ ನಡುವೆ ಹೋಗುತ್ತಿತ್ತಲ್ಲ ಎಂದು ಕೇಳಿದ್ದಕ್ಕೆ ಕಂಡಕ್ಟರು, "ಇವತ್ತ ಶುಕ್ರವಾರರೀ" ಎಂದ. ಹುಣಸೆಮರದ ಕೆಳಗೆ ಊರಿನ ಮೋಟಾರ್ ಸೈಕಲ್ಲುಗಳೆಲ್ಲ ಸಾಲಾಗಿ ನಿಂತಿದ್ದವು. ಆಚೆ ನಾಲ್ಕಾರು ಟ್ರ್ಯಾಕ್ಟರು. ಸಾಲಿನ ತುದಿಗೆ, ದಾರಿಗೆ ಮುಖ ಮಾಡಿ ಒಂದು ಟಂಟಂ ನಿಂತಿತ್ತು. ಅದರ ಚಾವಿ ಅದರಲ್ಲೇ ನೇತಾಡುತ್ತಿತ್ತು.

ಅಲ್ಲಿ ಮೊಬೈಲು ನೋಡುತ್ತ ಕೂತಿದ್ದ ಹುಡುಗನನ್ನು, ಚಾವಿ ಬಿಟ್ಟು ಹೋಗಿದ್ದಾರಲ್ಲ ಎಂದು ಕೇಳಿದೆ.

"ಅದು ಯಾವಾಗ್ಲೂ ಅಲ್ಲೇ ಇರತೈತ್ರಿ. ಯಾರಿಗರ ಅವಸರಾದ್ರ, ಯಾರನ್ನೂ ಕೇಳಂಗಿಲ್ಲ, ತಗೊಂಡು ಹೋಗೂದು."

"ಯಾವಾಗಿನಿಂದಪಾ ಈ ಪದ್ಧತಿ?"

"ಹಿಂದಕಿಂದ ಐತ್ರಿ. ನಮ್ಮ ಮುತ್ಯಾನ ಮುತ್ಯಾನ ಕಾಲದ್ದು. ಮಂಗಳವಾರ, ಶುಕ್ರವಾರ ದ್ಯಾಮವ್ವನ ವಾರ." ಆಮೇಲೆ ದನಿ ತಗ್ಗಿಸಿದ. "ಭಾಳ ತ್ರಾಸರೀ. ಒಬ್ಬಾಕಿ ಮುದುಕಿ ಹಟಕ್ಕ ವಾರ ಬಿಡವಲ್ದು ಅಂತಾರ. ವರ್ಷಾ ಹಿಟ್ಟು ಎತ್ತತಾರ, ಆಕಿ ಕೊಡಂಗಿಲ್ಲ. ಇಡೀ ಊರು ಆಕಿ ಕೈಯಾಗ ಐತ್ರಿ."

ಚಪ್ಪಲಿಯ ಸದ್ದು ಸಹ ಜೋರು ಕೇಳುವಂಥ ಓಣಿಗಳಲ್ಲಿ ನಡೆದೆ. ಗಿರಣಿಯ ಜಾಗದಲ್ಲಿ ಗೋಡೆ ಬಿದ್ದು ಜಾಲಿ ಬೆಳೆದಿತ್ತು. ನನ್ನ ಕೋಣೆ ಯಾವುದೆಂದು ಗುರುತು ಹಿಡಿಯಲಾಗಲಿಲ್ಲ. ಫಕ್ಕೀರವ್ವನ ಮನೆಗೆ ಈಗ ಸಿಮೆಂಟಿನ ಗೋಡೆ ಬಂದಿದೆ. ಆಕೆ ಬಾಗಿಲಲ್ಲೇ ಕೂತು ಮೊರಕ್ಕೆ ಜರಡಿಯಲ್ಲಿ ಹಿಟ್ಟು ಸಾಣಿಸುತ್ತಿದ್ದಳು. ಬೀಸಬಾರದಷ್ಟೆ, ಸಾಣಿಸಬಹುದು. ಕಣ್ಣು ಕಿರಿದು ಮಾಡಿ ನೋಡಿದಳು.

"ಬರ್ರಿ ಅಕ್ಕೋರ, ಕುಂದರ್ರಿ" ಎಂದಳು. ನಿನ್ನೆ ಹೋದವಳು ಇವತ್ತು ಬಂದಂತೆ.

ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಗೋಡೆಯ ಮೇಲೆ ರೇಣವ್ವನ ಶಾಲೆಯ ಫೋಟೊ ದೊಡ್ಡದು ಮಾಡಿಸಿ ತೂಗುಹಾಕಿದ್ದಳು. ಅದು ನಾನೇ ಹುಡುಕಿ ಕೊಟ್ಟಿದ್ದ ಫೋಟೊ. ಬಹಳ ಹೊತ್ತು ಮಳೆಯ ಮಾತಾಡಿದೆವು. ಆಮೇಲೆ ತಾನಾಗಿಯೇ ಹೇಳಿದಳು.

"ಈ ಮಂಗಳವಾರ ಗೌಡ್ರು ಬಂದಿದ್ರರೀ."

ಪ್ರತಿ ವರ್ಷವೂ ಬರುತ್ತಾರೇನು ಎಂದು ಕೇಳಿದೆ.

"ವರ್ಷಾ ಬರ್ತಾರ. ಬೇವಿನ ಗಿಡದ ಮಟ ಬಂದು ನಿಂತು ಹೊಳ್ಳಿ ಹೊಕ್ಕಾರ. ಈ ಸರ್ತಿ ಹೊಸ್ತಿಲಕ್ಕ ಬಂದ್ರು. ಲಕ್ವಾ ಹೊಡದೈತಿ. ಮಗಾ ಹಿಡ್ಕೊಂಡು ಬಂದಿದ್ದ." ಮೊರ ಕೆಳಗಿಟ್ಟಳು. "ಬಾಯಿ ತಗದ್ರರೀ ಅಕ್ಕೋರ. ಭಾಳೊತ್ತು ತಗದ್ರು. ಮಾತ ಹೊಳ್ಳವಲ್ದು. ಆ ಆ ಅಂತಾರ, ಅಷ್ಟ."

"ಏನ ಅನ್ನಾಕ ಬಂದಿದ್ರವ್ವ?"

"ಯಾರಿಗೆ ಗೊತ್ತರೀ. ಅದನ್ನ ಅನ್ನಾಕ ಬಂದಿದ್ರೋ, ಬೈಯಾಕ ಬಂದಿದ್ರೋ. ಕಣ್ಣಾಗ ನೀರಿದ್ವು. ಆ ಬ್ಯಾನಿಗೆ ಹಂಗ ನೀರ ಬರ್ತಾವ ಅಂದ ಮಗಾ."

ಹೊರಗೆ ಮಳೆ ಮತ್ತೆ ಶುರುವಾಗಿತ್ತು. ಕೇಳಬಾರದಿತ್ತೇನೋ, ಕೇಳಿಬಿಟ್ಟೆ. "ಹಿಟ್ಟು ಕೊಟ್ಟಿಯೇನವ್ವ?"

ಫಕ್ಕೀರವ್ವ ಮೊರದಿಂದ ಒಂದು ಹಿಡಿ ಹಿಟ್ಟು ಎತ್ತಿಕೊಂಡಳು. ಅವಳ ಬೆರಳ ಗೆಣ್ಣುಗಳು ಊದಿದ್ದವು.

"ಕೊಡೂಣು ಅಂತ ಕೈ ಚಾಚಿದ್ನಿರೀ. ಊರಾಗಿನ ಹುಡುಗೂರು ನನ್ನ ಹೆಸರೀಲೆ ಬೈತಾರ, ನನಗ ಕೇಳಂಗಿಲ್ಲ ಅಂತ ತಿಳದಾರ. ಗೌಡ್ರಗೂ ನಾಲಗಿ ಇಲ್ಲ ಇನ್ನ. ಸಾಕು, ಬಿಡೂಣು ಅಂತ ಚಾಚಿದ್ನಿ." ಮುಷ್ಟಿಯನ್ನು ನನ್ನ ಮುಂದೆ ಹಿಡಿದಳು. "ಬೆರಳ ಬಿಚ್ಚವಲ್ದಾದ್ವು ಅಕ್ಕೋರ. ಗೌಡ್ರ ಆ ಒಂದ್ ಮಾತಿನ ಸಲುವಾಗಷ್ಟ ಈ ಮುಷ್ಟಿ ಕಟ್ಟೇನಿ ಅಂತ ಊರು ತಿಳದೈತಿ."

ಆಕೆ ಗೋಡೆಯ ಫೋಟೊ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ನೀವು ಅಲ್ಲೇ ಇದ್ರೆಲ್ರೀ. ಸಾಬರು ಚಾವಿ ತಿರುವಿದ್ರು. ನನ್ನ ಮಾರಿ ನೋಡಿದ್ರು. ನಾ ಏನ ಅಂದ್ನಿ?"

ಆ ಮಾತು ನನಗೊಬ್ಬಳಿಗೇ ನೆನಪಿದೆ ಎಂದುಕೊಂಡಿದ್ದೆ. ಇಷ್ಟು ವರ್ಷ ಯಾರ ಮುಂದೂ ಅದನ್ನು ಆಡಿರಲಿಲ್ಲ.

"ಕೇಳಿ ಬರ್ರಿ ಅಂದ್ನಿ" ಎಂದಳು ಫಕ್ಕೀರವ್ವ. "ಗೌಡ್ರಿಗೆ ಗುಡಿ ಮುಂದ ನಿಂತು ಅನ್ರಿ ಅಂತ ಹೇಳಿದ್ನಿ. ನಾ ಇದನ್ನ ಯಾರ ಮುಂದ ನಿಂತು ಅನ್ಲಿ, ಹೇಳ್ರಿ?"

ಹಿಡಿಯಲ್ಲಿದ್ದ ಹಿಟ್ಟನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.